ಮನೆಗೆ ಬಂದ ಹರಿಶ್ಚಂದ್ರ ಯಾವ ಹರಿಶ್ಚಂದ್ರ?

ಹರಿಶ್ಚಂದ್ರನ ಕಥೆಯನ್ನು ಬಳ್ಳಾರಿ ಸೀಮೆಯವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಅದನ್ನು ಷಟ್ಪದಿಯಲ್ಲಿ ಕಟ್ಟಿದ ರಾಘವಾಂಕ ಹಂಪೆಯವನು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ಆ ಹಂಪೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅದೇ ಕಥೆ 1965ರಲ್ಲಿ ‘ಸತ್ಯ ಹರಿಶ್ಚಂದ್ರ’ ಎಂಬ ಕನ್ನಡ ಚಿತ್ರವಾಯಿತು. ನಿರ್ದೇಶನ ಹುಣಸೂರು ಕೃಷ್ಣಮೂರ್ತಿಯವರದು, ನಿರ್ಮಾಣ ಕೆ.ವಿ. ರೆಡ್ಡಿಯವರದು. ರೆಡ್ಡಿಯವರು ತಾಡಪತ್ರಿಯವರು. ನಮ್ಮ ರಂಗನಟ ಬಳ್ಳಾರಿ ರಾಘವರು 1880ರಲ್ಲಿ ಹುಟ್ಟಿದ್ದೂ ಅದೇ ತಾಡಪತ್ರಿಯಲ್ಲಿ. ಆಗಿನ್ನೂ ಅನಂತಪುರ ಬೇರೆ ಜಿಲ್ಲೆಯಾಗಿರಲಿಲ್ಲ, ಬಳ್ಳಾರಿಗೇ ಸೇರಿತ್ತು. ಆ ಚಿತ್ರದಲ್ಲಿ ರಾಜಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ, ನರಸಿಂಹರಾಜು ನಕ್ಷತ್ರಿಕ, ಎಂ.ಪಿ. ಶಂಕರ್ ವೀರಬಾಹು. ಸಂಗೀತ ಪೆಂಡ್ಯಾಲ ನಾಗೇಶ್ವರರಾವ್ ಅವರದು. ಅದೇ ವರ್ಷ ಇದೇ ಕಥೆ ಎನ್.ಟಿ. ರಾಮರಾವ್ ಅವರನ್ನಿಟ್ಟುಕೊಂಡು ತೆಲುಗಿನಲ್ಲೂ ಬಂತು. ಎರಡೂ ಭಾಷೆ ಒಂದೇ ಓಣಿಯಲ್ಲಿ ಕೇಳಿಸುವ ಬಳ್ಳಾರಿಯಲ್ಲಿ ಈ ಜೋಡಿ ಹುಟ್ಟು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಇವತ್ತು ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ ಈ ಚಿತ್ರವನ್ನು ನೋಡುವವರು ಮನೆಯಲ್ಲೇ ನೋಡುತ್ತಾರೆ. ಮೊದಲು ಕೇಬಲ್ ಬಂತು, ಆಮೇಲೆ ವಿಸಿಡಿ ಬಂತು, ಅದರ ಹಿಂದೆಯೇ ಒಂದೇ ಡಿಸ್ಕಿನಲ್ಲಿ ಮೂರು ಚಿತ್ರ ತುಂಬಿದ ಡಿವಿಡಿ ಬಂತು. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಳ್ಳುವ ಕಾಲವೂ ಬಂದುಹೋಗಿ, ಈಗ ಯೂಟ್ಯೂಬು. ಈ ಎಲ್ಲದರಲ್ಲೂ ಹೆಸರು ಒಂದೇ, ‘ಸತ್ಯ ಹರಿಶ್ಚಂದ್ರ’. ಹೆಸರು ಒಂದೇ ಆದ ಮಾತ್ರಕ್ಕೆ ಅವೆಲ್ಲ ಒಂದೇ ಚಿತ್ರ ಎಂದು ನಾವು ನಂಬಿಕೊಂಡಿದ್ದೇವೆ. ಆ ನಂಬಿಕೆ ತಪ್ಪು ಎನ್ನುವುದು ನನ್ನ ವಾದ. ಮನೆಗೆ ಬರುವ ಹಳೆಯ ಸಿನಿಮಾದ ಪ್ರತಿಯೊಂದು ಬಿಡುಗಡೆಯೂ ಒಂದು ಪಾಠಾಂತರ. ಹಳಗನ್ನಡ ಕಾವ್ಯವನ್ನು ಅಚ್ಚು ಹಾಕಿಸುವವರು ಯಾವ ಓಲೆಗರಿಯಿಂದ ಪಾಠ ತೆಗೆದುಕೊಂಡೆವು, ಎಲ್ಲಿ ತಿದ್ದಿದೆವು, ಎಲ್ಲಿ ಬಿಟ್ಟೆವು ಎಂದು ಹೇಳುತ್ತಾರಲ್ಲ, ಹಳೆಯ ಚಿತ್ರವನ್ನು ಹೊಸದಾಗಿ ಬಿಡುವವರೂ ಅದನ್ನು ಹೇಳಬೇಕು. ಕೇಳುವ ಅಧಿಕಾರ ನೋಡುಗರಿಗಿದೆ.

ಮೊದಲು ವಿಸಿಡಿಯ ಲೆಕ್ಕ ನೋಡೋಣ, ಏಕೆಂದರೆ ನಮ್ಮ ಊರುಗಳಲ್ಲಿ ಒಂದು ಇಡೀ ತಲೆಮಾರು ರಾಜಕುಮಾರ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ಕಂಡದ್ದು ಅದರ ಮೂಲಕ. ವಿಸಿಡಿಯ ಚೌಕಟ್ಟಿನಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳು. ಗುಣಿಸಿದರೆ ಒಂದು ಲಕ್ಷದ ಆಸುಪಾಸು. ಡಿವಿಡಿಯಲ್ಲಿ ಅದು ನಾಲ್ಕು ಲಕ್ಷಕ್ಕೆ ಏರುತ್ತದೆ, ಬ್ಲೂರೇಯಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ, 4ಕೆಯಲ್ಲಿ ಎಂಬತ್ತೆರಡು ಲಕ್ಷ ದಾಟುತ್ತದೆ. ಅಂದರೆ ಒಳ್ಳೆಯ ನೆಗೆಟಿವಿನಿಂದ ಇವತ್ತು ತೆಗೆಯಬಹುದಾದ ಚಿತ್ರದ ಎಂಬತ್ತನೇ ಒಂದು ಪಾಲನ್ನು ನೋಡಿ ನಾವು ಆ ಚಿತ್ರ ನೋಡಿದೆವು ಎಂದುಕೊಂಡಿದ್ದೇವೆ. ಇಷ್ಟು ಕಡಿಮೆ ಚುಕ್ಕಿಗಳಲ್ಲಿ ಮೊದಲು ಸಾಯುವುದು ಕತ್ತಲು. ಕಪ್ಪಿನೊಳಗಿನ ಕಪ್ಪು, ಬೂದಿಯ ಪಕ್ಕದ ಹೊಗೆ, ನೆರಳಿನಲ್ಲಿ ನಿಂತವನ ಕಣ್ಣು, ಎಲ್ಲವೂ ಚೌಕಚೌಕವಾಗಿ ಒಡೆದು ಒಂದೇ ಮಸಿಯಾಗುತ್ತವೆ. ಸ್ಮಶಾನ ಕಾಯುವ ರಾಜನ ಕಥೆಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ಚಿತ್ರದ ಕೊನೆಯ ಭಾಗ ನಡೆಯುವುದೇ ಚಿತೆಗಳ ಮಧ್ಯೆ. ಮೇಲಾಗಿ ಒಂದು ವಿಸಿಡಿಗೆ ಹಿಡಿಸುವುದು ಎಪ್ಪತ್ತೈದರಿಂದ ಎಂಬತ್ತು ನಿಮಿಷ. ಮೂರು ಗಂಟೆ ಹತ್ತಿರ ಓಡುವ ಪೌರಾಣಿಕ ಚಿತ್ರವನ್ನು ಎರಡೇ ಡಿಸ್ಕಿನಲ್ಲಿ ಮಾರಬೇಕೆಂದರೆ ಕತ್ತರಿ ಆಡಿಸದೆ ದಾರಿಯಿಲ್ಲ. ಹಾಗೆ ಕತ್ತರಿಸಿದ್ದನ್ನು ಪೊಟ್ಟಣದ ಮೇಲೆ ಬರೆಯುವ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆ ಇದೆ, ಅದು ಕಿವಿಗೆ ಸೇರಿದ್ದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ನಮ್ಮ ದೇಶದ ಟೀವಿಯ ಪ್ಯಾಲ್ ಪದ್ಧತಿ ಸೆಕೆಂಡಿಗೆ 25 ಚೌಕಟ್ಟು ಕೇಳುತ್ತಿತ್ತು. ಇದಕ್ಕೆ ಸುಲಭದ ಉಪಾಯವೆಂದರೆ ಚಿತ್ರವನ್ನೇ ತುಸು ಬೇಗ ಓಡಿಸಿಬಿಡುವುದು. ಹಾಗೆ ವರ್ಗಾಯಿಸಿದಾಗ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಒಂದು ದೃಶ್ಯವನ್ನೂ ಕತ್ತರಿಸದೆ. ಶ್ರುತಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಧ್ವನಿಯೂ ಶೇಕಡ ನಾಲ್ಕರಷ್ಟು ಮೇಲಕ್ಕೇರುತ್ತದೆ. ಹಾರ್ಮೋನಿಯಮ್ಮಿನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರದಲ್ಲಿ ಇದು ಮೂರರಲ್ಲಿ ಎರಡು ಪಾಲು. ಬಯಲಾಟದ ಹಿಮ್ಮೇಳದಲ್ಲಿ ಕೂತು ಅಭ್ಯಾಸವಿರುವವರಿಗೆ ಇದು ಸಣ್ಣ ವಿಷಯವಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ‘ಸತ್ಯ ಹರಿಶ್ಚಂದ್ರ’ದಲ್ಲಿ ವೀರಬಾಹುವಿನ ಸ್ಮಶಾನದ ಹಾಡನ್ನು ಹಾಡಿದವರು ಘಂಟಸಾಲ. ಆ ಹಾಡಿನ ತೂಕವಿರುವುದು ಅವರ ಕಂಠದ ಕೆಳಸ್ಥಾಯಿಯ ಗಾಂಭೀರ್ಯದಲ್ಲಿ, ಸಾಲು ಮುಗಿದ ಮೇಲೆ ಅವರು ಕೊಡುವ ನಿಲುಗಡೆಯಲ್ಲಿ. ಧ್ವನಿ ಏರಿ, ನಿಲುಗಡೆ ಮೊಟಕಾದರೆ ಹಾಡು ಹಾಡಾಗಿಯೇ ಉಳಿಯುತ್ತದೆ, ಆದರೆ ಹಾಡಿದವನು ತುಸು ಬೇರೆಯವನಾಗುತ್ತಾನೆ. ಗಾಯಕನ ಸ್ವರಕ್ಕೆ ಪ್ರಾಣ ಬಿಡುವ ನಾಡಿನಲ್ಲಿ ಈ ಬಗ್ಗೆ ಒಂದು ಮಾತೂ ಏಳದಿರುವುದು ನನಗೆ ಬೇಸರದ ಸಂಗತಿ.

ಇನ್ನು ಚೌಕಟ್ಟು. 1977ರಲ್ಲಿ ತೆರೆಕಂಡ ಎರಡು ಕನ್ನಡ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಒಂದು ‘ಸೊಸೆ ತಂದ ಸೌಭಾಗ್ಯ’, ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ. ಇನ್ನೊಂದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಒಂದು ಪರದೆಯ ಅಗಲವನ್ನು ತುಂಬಿಕೊಂಡಿತು, ಇನ್ನೊಂದು ಬಣ್ಣ ಬಂದು ವರ್ಷಗಳಾದ ಮೇಲೂ ಕಪ್ಪು ಬಿಳುಪಿನಲ್ಲೇ ಇತ್ತು. ಸ್ಕೋಪ್ ಚಿತ್ರದ ಅಗಲ ಎತ್ತರದ ಎರಡೂಕಾಲು ಪಟ್ಟಿಗೂ ಹೆಚ್ಚು. ಅದನ್ನು ಹಳೆಯ ಡಬ್ಬಿ ಟೀವಿಯ ತುಂಬ ಕಾಣುವಂತೆ ಹಿಗ್ಗಿಸಿದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಪಾಲು ಎಡಬಲದಲ್ಲಿ ಹೊರಗೆ ಬೀಳುತ್ತದೆ. ಅತ್ತೆ ಸೊಸೆ ಎದುರುಬದುರು ನಿಂತು ಮಾತಾಡಿದರೆ ಒಬ್ಬರ ಮೂಗು, ಇನ್ನೊಬ್ಬರ ಬೆನ್ನು ಮಾತ್ರ ಉಳಿಯುತ್ತದೆ. ಅಗಲ ಟೀವಿ ಬಂದ ಮೇಲೆ ಆಪತ್ತು ತಿರುಗಿ ಕೂತಿತು. ಚೌಕಕ್ಕೆ ಹತ್ತಿರವಿದ್ದ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ಅಗಲ ಪರದೆ ತುಂಬಲೆಂದು ಹಿಗ್ಗಿಸಿದಾಗ ಮೇಲೆ ಕೆಳಗೆ ಸೇರಿ ಸುಮಾರು ಕಾಲುಭಾಗ ಹೋಗುತ್ತದೆ. ಮೇಲೆ ಕಿರೀಟ ಹೋಗುತ್ತದೆ, ಕೆಳಗೆ ಕೈಗಳು ಹೋಗುತ್ತವೆ. ರಂಗಭೂಮಿಯಿಂದ ಬಂದ ನಟರ ಕೈಗಳನ್ನು ಕತ್ತರಿಸಿದರೆ ಅವರ ಅರ್ಧ ಅಭಿನಯವೇ ಹೋಯಿತು. ಕತ್ತರಿಸಲು ಮನಸ್ಸಾಗದವರು ಅಡ್ಡಕ್ಕೆ ಎಳೆದುಬಿಡುತ್ತಾರೆ, ಆಗ ರಾಜಕುಮಾರ್ ಅವರ ಮುಖ ಊದಿದಂತೆ ಕಾಣುತ್ತದೆ. ಇಂಥ ಪ್ರತಿಗಳು ಯೂಟ್ಯೂಬಿನಲ್ಲಿ ಲೆಕ್ಕವಿಲ್ಲದಷ್ಟಿವೆ, ಹೆಸರಿನ ಪಕ್ಕದಲ್ಲಿ ಎಚ್‌ಡಿ ಎಂಬ ಎರಡಕ್ಷರವೂ ಇರುತ್ತದೆ.

2008ರಲ್ಲಿ ‘ಸತ್ಯ ಹರಿಶ್ಚಂದ್ರ’ ಬಣ್ಣದಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಕನ್ನಡದ ಕಪ್ಪು ಬಿಳುಪು ಚಿತ್ರವೊಂದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿದ್ದು ಅದೇ ಮೊದಲು. ಹಿಂದಿಯಲ್ಲಿ 2004ರಲ್ಲಿ ‘ಮೊಘಲ್-ಎ-ಆಜಂ’, 2007ರಲ್ಲಿ ‘ನಯಾ ದೌರ್’ ಹೀಗೆ ಬಂದಿದ್ದವು. 2010ರಲ್ಲಿ ತೆಲುಗಿನ ‘ಮಾಯಾಬಜಾರ್’ ಬಂತು, 2014ರಲ್ಲಿ ನಮ್ಮ ‘ಕಸ್ತೂರಿ ನಿವಾಸ’ ಬಂತು. ಜನ ಬಂದು ನೋಡಿದರು ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಮಕ್ಕಳನ್ನು ಕರೆದುಕೊಂಡು ಬಂದ ಅಜ್ಜ ಅಜ್ಜಿಯರ ಸಂತೋಷ ಸುಳ್ಳಲ್ಲ. ಆದರೆ ಆ ಬಣ್ಣ ಎಲ್ಲಿಂದ ಬಂತು ಎಂದು ಯೋಚಿಸಬೇಕು. ಕಪ್ಪು ಬಿಳುಪು ನೆಗೆಟಿವಿನಲ್ಲಿ ಬೆಳಕಿನ ಹೆಚ್ಚು ಕಡಿಮೆ ದಾಖಲಾಗಿರುತ್ತದೆಯೇ ಹೊರತು ಸೀರೆ ಕೆಂಪೋ ಹಸಿರೋ ಎಂಬುದು ಇರುವುದಿಲ್ಲ. ಅದನ್ನು ತೀರ್ಮಾನಿಸುವವರು ನಲವತ್ತು ಐವತ್ತು ವರ್ಷ ಆದ ಮೇಲೆ ಕಂಪ್ಯೂಟರಿನ ಮುಂದೆ ಕೂತ ಕೆಲಸಗಾರರು. ಅವರ ಶ್ರಮ ದೊಡ್ಡದು, ಆದರೆ ಅದು ಊಹೆ. ಆ ಕಾಲದ ಛಾಯಾಗ್ರಾಹಕರು ಬಣ್ಣವನ್ನು ಬೂದು ಛಾಯೆಯಾಗಿ ಲೆಕ್ಕ ಹಾಕುತ್ತಿದ್ದರು. ಯಾವ ಬಟ್ಟೆ ಯಾವ ಗೋಡೆಯ ಮುಂದೆ ಬಿಡಿಸಿ ಕಾಣುತ್ತದೆ, ಯಾವ ದೀಪಕ್ಕೆ ಯಾವ ಕೆನ್ನೆ ಹೊಳೆಯುತ್ತದೆ ಎಂದು ನೋಡಿ ಬೆಳಕು ಇಡುತ್ತಿದ್ದರು. ರಾಜ್ಯ ಬಿಟ್ಟು ಬಂದ ಹರಿಶ್ಚಂದ್ರನ ಸುತ್ತ ಅರಮನೆಯ ಹೊಳಪು ಕರಗಿ ಬರೀ ಮಣ್ಣು ಬೂದಿ ಉಳಿಯುವುದನ್ನು ಕಪ್ಪು ಬಿಳುಪು ಎರಡೇ ಸಾಮಗ್ರಿಯಲ್ಲಿ ಹೇಳುತ್ತದೆ. ಬಣ್ಣದ ಪ್ರತಿಯಲ್ಲಿ ಸ್ಮಶಾನಕ್ಕೂ ಒಂದು ಬಣ್ಣ ಕೊಡಲೇಬೇಕಾಗುತ್ತದೆ.

ಬಣ್ಣದ ಜೊತೆ ಇನ್ನೂ ಎರಡು ಬದಲಾವಣೆ ಸದ್ದಿಲ್ಲದೆ ಬರುತ್ತವೆ. ‘ಮೊಘಲ್-ಎ-ಆಜಂ’ ಮೂಲದಲ್ಲಿ 197 ನಿಮಿಷ, ಬಣ್ಣದ ಪ್ರತಿ 177 ನಿಮಿಷ. ‘ಮಾಯಾಬಜಾರ್’ ಬಣ್ಣದಲ್ಲಿ ಬಂದಾಗಲೂ ಮೂಲಕ್ಕಿಂತ ಚಿಕ್ಕದಾಗಿಯೇ ಬಂತು. ಎರಡನೆಯದು ಧ್ವನಿ. ‘ಮೊಘಲ್-ಎ-ಆಜಂ’ಗೆ ನೌಷಾದ್ ಅವರ ಮೇಲ್ವಿಚಾರಣೆಯಲ್ಲಿ ಉತ್ತಮ್ ಸಿಂಗ್ ವಾದ್ಯಸಂಗೀತವನ್ನು ಹೊಸದಾಗಿ ನುಡಿಸಿ ಸೇರಿಸಿದರು, ಹಾಡಿದ ಕಂಠ ಮಾತ್ರ ಹಳೆಯದು ಉಳಿಯಿತು. ಮೂಲ ಸಂಗೀತಗಾರರೇ ಪಕ್ಕದಲ್ಲಿದ್ದರು, ಒಪ್ಪಿಕೊಳ್ಳೋಣ. 2018ರಲ್ಲಿ ‘ನಾಗರಹಾವು’ 7.1 ಧ್ವನಿಯಲ್ಲಿ ಮತ್ತೆ ಬಂದಾಗ ಅದರ ಸಂಗೀತಗಾರ ವಿಜಯಭಾಸ್ಕರ್ ಇರಲಿಲ್ಲ, ನಿರ್ದೇಶಕ ಪುಟ್ಟಣ್ಣ ಕಣಗಾಲರೂ ಇರಲಿಲ್ಲ. ಒಂದೇ ಸ್ಪೀಕರಿನಿಂದ ಬರಲೆಂದು ಹದಮಾಡಿದ ಧ್ವನಿಯನ್ನು ಎಂಟು ದಿಕ್ಕಿಗೆ ಹಂಚುವಾಗ ಏನನ್ನು ಎಲ್ಲಿಡಬೇಕು ಎಂದು ಯಾರು ತೀರ್ಮಾನಿಸಿದರು ಎಂಬ ಪ್ರಶ್ನೆಗೆ ಉತ್ತರ ಬೇಕಲ್ಲವೇ?

ಇದು ಕನ್ನಡದ ತೊಂದರೆ ಮಾತ್ರ ಎಂದು ಯಾರೂ ಕೈಚೆಲ್ಲಬಾರದು. ಇಟಲಿಯ ಒಂದು ಚಿತ್ರದ ಮನೆ ಬಿಡುಗಡೆಗಳ ಇತಿಹಾಸವೇ ಇದಕ್ಕೆ ಒಳ್ಳೆಯ ಪಾಠ. ಸೆರ್ಜಿಯೊ ಲಿಯೋನೆ 1966ರಲ್ಲಿ ತೆಗೆದ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಇಟಲಿಯಲ್ಲಿ ಮೂರು ಗಂಟೆಗೆ ಹತ್ತಿರವಿತ್ತು, ಹೊರದೇಶಗಳಿಗೆ 161 ನಿಮಿಷಕ್ಕೆ ಇಳಿಸಿ ಕಳಿಸಿದರು. ಹಾಗೆ ಬಿಟ್ಟ ದೃಶ್ಯಗಳನ್ನು ಸೇರಿಸಿ 2003ರಲ್ಲಿ 179 ನಿಮಿಷದ ಪ್ರತಿ ತಯಾರಾಯಿತು. ಆ ದೃಶ್ಯಗಳಿಗೆ ಇಂಗ್ಲಿಷ್ ಮಾತು ಇರಲಿಲ್ಲವಾದ್ದರಿಂದ ಕ್ಲಿಂಟ್ ಈಸ್ಟ್‌ವುಡ್ ಮತ್ತು ಈಲೈ ವಾಲಕ್ ಇಳಿವಯಸ್ಸಿನಲ್ಲಿ ಮತ್ತೆ ಬಂದು ತಮ್ಮ ಯೌವನದ ತುಟಿಗಳಿಗೆ ಧ್ವನಿ ಕೊಟ್ಟರು. ಲೀ ವಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರು, ಅವರ ಮಾತನ್ನು ಬೇರೆಯವರಾಡಿದರು. ಗುಂಡಿನ ಸದ್ದೂ ಹೊಸದಾಯಿತು. 2014ರ ಬ್ಲೂರೇಯಲ್ಲಿ ಚಿತ್ರವಿಡೀ ಹಳದಿಗೆ ತಿರುಗಿತ್ತು. ಆಕಾಶ, ಮರಳು, ಬಿಳಿ ಅಂಗಿ ಎಲ್ಲಕ್ಕೂ ಅರಿಸಿನದ ಛಾಯೆ. ನೋಡುಗರು ಸುಮ್ಮನೆ ಕೂರಲಿಲ್ಲ. ಹಳೆಯ ಪ್ರಿಂಟುಗಳ, ಹಿಂದಿನ ಡಿಸ್ಕುಗಳ ಚೌಕಟ್ಟುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ, ಇದು ಲಿಯೋನೆಯ ಬಣ್ಣವಲ್ಲ ಎಂದು ವರ್ಷಗಟ್ಟಲೆ ವಾದಿಸಿದರು. 2017ರಲ್ಲಿ ಇನ್ನೊಂದು ಸಂಸ್ಥೆ ಬಣ್ಣ ತಿದ್ದಿ, ಚಿಕ್ಕ ಪ್ರತಿ ದೊಡ್ಡ ಪ್ರತಿ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕೊಟ್ಟಿತು, ಮೂಲದ ಒಂಟಿ ಧ್ವನಿಯೂ ಜೊತೆಗಿತ್ತು. 2021ರಲ್ಲಿ 4ಕೆ ಪ್ರತಿ ಬಂತು. ಯಾವುದು ಸರಿ ಎಂಬ ಜಗಳ ಅಲ್ಲಿ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಆದರೆ ಜಗಳ ಆಡಲು ಬೇಕಾದ ಸಾಮಗ್ರಿ ನೋಡುಗರ ಕೈಯಲ್ಲಿದೆ. ನಮಗೆ ಬೇಕಾಗಿರುವುದು ಅದೇ. ನಮ್ಮಲ್ಲಿ ಹೊಸ ಪ್ರತಿ ಬಂದರೆ ಹಳೆಯದು ಅಂಗಡಿಯಿಂದ ಮಾಯವಾಗುತ್ತದೆ, ಹೋಲಿಸುವ ಅವಕಾಶವೇ ಉಳಿಯುವುದಿಲ್ಲ.

ಕನ್ನಡಕ್ಕೆ ಈ ಶಿಸ್ತು ಹೊಸದಲ್ಲ, ಪುಸ್ತಕಲೋಕದಲ್ಲಿ ನಾವು ಇದನ್ನು ಎಂದೋ ಕಲಿತಿದ್ದೇವೆ. ರಾಘವಾಂಕನ ಕಾವ್ಯವನ್ನು ವಿದ್ಯಾರ್ಥಿಗಳಿಗೆಂದು ಅಡಕ ಮಾಡಿದಾಗ ಟಿ.ಎಸ್. ವೆಂಕಣ್ಣಯ್ಯ ಮತ್ತು ಎ.ಆರ್. ಕೃಷ್ಣಶಾಸ್ತ್ರಿಗಳು ಅದಕ್ಕೆ ‘ಹರಿಶ್ಚಂದ್ರ ಕಾವ್ಯ ಸಂಗ್ರಹ’ ಎಂದೇ ಹೆಸರಿಟ್ಟರು. ಕೈಗೆತ್ತಿಕೊಂಡವನಿಗೆ ಮುಖಪುಟದಲ್ಲೇ ಗೊತ್ತಾಗುತ್ತದೆ, ಇದು ಪೂರ್ತಿ ಕಾವ್ಯವಲ್ಲ ಎಂದು. ಪೂರ್ತಿ ಬೇಕಾದವನು ಬೇರೆ ಪುಸ್ತಕ ಹುಡುಕಿಕೊಳ್ಳುತ್ತಾನೆ. ಅಡಕ ಮಾಡಿದ್ದಕ್ಕೆ ಯಾರೂ ಅವರನ್ನು ದೂರಲಿಲ್ಲ, ದೂರುವ ಕಾರಣವೂ ಇರಲಿಲ್ಲ. ಅದೇ ಹರಿಶ್ಚಂದ್ರನ ಸಿನಿಮಾದ ಡಿಸ್ಕಿನ ಮೇಲೆ ‘ಸಂಗ್ರಹ’ ಎಂಬ ಮೂರಕ್ಷರ ಅಚ್ಚು ಹಾಕಲು ಏನು ಅಡ್ಡಿ? ಯಾವ ಪ್ರಿಂಟಿನಿಂದ ತೆಗೆದದ್ದು, ಎಷ್ಟು ನಿಮಿಷ, ಮೂಲ ಎಷ್ಟು ನಿಮಿಷವಿತ್ತು, ಚೌಕಟ್ಟು ಮೂಲದ್ದೇ ಕತ್ತರಿಸಿದ್ದೇ, ಧ್ವನಿ ಹಳೆಯದೇ ಹೊಸದೇ. ಇಷ್ಟಕ್ಕೆ ಒಂದು ಬೆಂಕಿಪೊಟ್ಟಣದಷ್ಟು ಜಾಗ ಸಾಕು.

ಇದಕ್ಕೆ ಬರುವ ಮೊದಲ ಆಕ್ಷೇಪ, ಕಥೆ ಅದೇ ತಾನೇ ಎನ್ನುವುದು. ಸಿರುಗುಪ್ಪದಲ್ಲಿ ಗದ್ದೆ ಕೆಲಸ ಮುಗಿಸಿ ಬಂದು ರಾತ್ರಿ ಫೋನಿನಲ್ಲಿ ಸಿನಿಮಾ ನೋಡುವವರಿಗೆ ಚುಕ್ಕಿಗಳ ಲೆಕ್ಕ ಯಾಕೆ, ಹರಿಶ್ಚಂದ್ರ ಸತ್ಯ ಬಿಡಲಿಲ್ಲ ಎಂಬುದು ತಿಳಿದರೆ ಸಾಕಲ್ಲವೇ ಎನ್ನಬಹುದು. ಕಥೆ ತಿಳಿಯುವುದಷ್ಟೇ ಬೇಕಿದ್ದರೆ ಸಿನಿಮಾ ಬೇಕಿರಲಿಲ್ಲ. ಕಥೆ ಎಲ್ಲರಿಗೂ ಮೊದಲೇ ಗೊತ್ತು. ಗೊತ್ತಿದ್ದೂ ಮತ್ತೆ ನೋಡುವುದು ಪಂಡರಿಬಾಯಿಯವರ ಮುಖಕ್ಕಾಗಿ, ಉದಯಕುಮಾರರ ಗುಡುಗಿಗಾಗಿ, ನಕ್ಷತ್ರಿಕನ ಕಾಟದಲ್ಲೂ ನಗು ಹುಟ್ಟಿಸುವ ನರಸಿಂಹರಾಜು ಅವರ ಮೈಮಾಟಕ್ಕಾಗಿ. ಕಳಪೆ ಪ್ರತಿಯಲ್ಲಿ ಹಾಳಾಗುವುದು ಸರಿಯಾಗಿ ಇವೇ. ದುಡಿದು ಬಂದವರಿಗೆ ಕಳಪೆ ಪ್ರತಿ ಸಾಕು ಎನ್ನುವ ಮಾತಿನಲ್ಲಿ ಅವರ ಬಗ್ಗೆ ಗೌರವ ಕಡಿಮೆ ಇದೆ ಎಂದೂ ನನಗನ್ನಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬಯಲಾಟ ಇಂದಿಗೂ ನಡೆಯುತ್ತದೆ. ಅಲ್ಲಿ ಒಂದೇ ಪ್ರಸಂಗ ಒಂದು ಊರಿನಲ್ಲಿ ಒಂದು ರೀತಿ, ಪಕ್ಕದ ಊರಿನಲ್ಲಿ ಇನ್ನೊಂದು ರೀತಿ. ಜನ ಶಿಳ್ಳೆ ಹೊಡೆದರೆ ಹಾಡು ಬೆಳೆಯುತ್ತದೆ, ಬೆಳಗಾಗುತ್ತಾ ಬಂದರೆ ಯುದ್ಧ ಮೊಟಕಾಗುತ್ತದೆ. ರಾಘವಾಂಕನೂ ಮೊದಲಿದ್ದ ಕಥೆಯನ್ನು ತನಗೆ ಬೇಕಾದಂತೆ ಬದಲಿಸಿದವನೇ. ಇಂಥ ನೆಲದಲ್ಲಿ ನಿಂತು ಸಿನಿಮಾದ ಒಂದೇ ರೂಪಕ್ಕೆ ಜೋತುಬೀಳುವುದು ಸರಿಯೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಬಯಲಾಟದಲ್ಲಿ ಬದಲಿಸುವವರು ಕಣ್ಣೆದುರಿಗೇ ಇರುತ್ತಾರೆ. ಸಾರಥಿ ಯಾರು, ಆಟ ಕಲಿಸಿದ ಮಾಸ್ತರ ಯಾರು, ಹಾಡನ್ನು ಬೆಳೆಸಿದವರು ಯಾರು ಎಂದು ಊರಿಗೇ ಗೊತ್ತು. ತಪ್ಪಿದರೆ ಕೇಳುವ ಹಿರಿಯರೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಡಿಸ್ಕಿನಲ್ಲಿ ಕತ್ತರಿಸಿದವನ ಹೆಸರಿಲ್ಲ, ಬಣ್ಣ ಆರಿಸಿದವನ ಕಾರಣವಿಲ್ಲ. ಬದಲಾದದ್ದು ಮೂಲದ ಹೆಸರಿನಲ್ಲೇ, ಮೂಲ ನಿರ್ದೇಶಕನ ಹೆಸರಿನ ಕೆಳಗೇ ಬರುತ್ತದೆ. ಇನ್ನೊಂದು ಮಾತು. ಬಯಲಾಟದ ಪಾತ್ರಧಾರಿ ನಾಳೆ ಮತ್ತೆ ಕುಣಿಯುತ್ತಾನೆ, ಅವನ ಮಗ ಆಮೇಲೆ ಕುಣಿಯುತ್ತಾನೆ. 1965ರ ರಾಜಕುಮಾರ್ ಮತ್ತೆ ಅಭಿನಯಿಸುವುದಿಲ್ಲ. ಅವರು ಆ ದಿನ ಕ್ಯಾಮೆರಾದ ಮುಂದೆ ಮಾಡಿದ್ದು ಒಂದೇ ಒಂದು ಕಡೆ ಉಳಿದಿದೆ. ಅದನ್ನು ಆಧರಿಸಿ ಹೊಸ ಸಿನಿಮಾ ತೆಗೆಯಲಿ, ನಾಟಕ ಆಡಲಿ, ಬಣ್ಣದ ಪ್ರತಿಯನ್ನೂ ಮಾಡಲಿ, ಯಾವುದಕ್ಕೂ ನನ್ನ ತಕರಾರಿಲ್ಲ. ಮೂಲವನ್ನು ಅಟ್ಟಕ್ಕೆ ಎಸೆದು, ಅದರ ಜಾಗದಲ್ಲಿ ಇದೇ ಮೂಲ ಎಂದು ಕೂರಿಸುವುದಕ್ಕೆ ತಕರಾರಿದೆ.

ಬಣ್ಣ ಇಲ್ಲದಿದ್ದರೆ ಹುಡುಗರು ನೋಡುವುದಿಲ್ಲ ಎಂಬ ಮಾತೂ ಇದೆ. ಇರಬಹುದು. ಬಣ್ಣದ ಪ್ರತಿಯನ್ನು ನೋಡಿ ಕುತೂಹಲ ಹುಟ್ಟಿದ ಹುಡುಗನಿಗೆ ಮೂಲ ಸಿಗುವಂತಿರಬೇಕು ಎಂಬುದೇ ನನ್ನ ಉತ್ತರ. ‘ಕಸ್ತೂರಿ ನಿವಾಸ’ದ ಬೆಂಕಿಪೊಟ್ಟಣ ಕಾರ್ಖಾನೆಯ ಮಾಲೀಕ ಎಲ್ಲವನ್ನೂ ಕೊಟ್ಟು ಬರಿಗೈಯಾಗುವ ಕಥೆ ಅವನನ್ನು ಹಿಡಿದರೆ, ದೊರೈ-ಭಗವಾನ್ 1971ರಲ್ಲಿ ಅದನ್ನು ಯಾವ ನೆರಳಿನಲ್ಲಿ ತೋರಿಸಿದ್ದರು ಎಂದು ನೋಡುವ ದಾರಿ ಅವನಿಗೆ ತೆರೆದಿರಬೇಕು. ಎರಡನ್ನೂ ಒಟ್ಟಿಗೆ ಕೊಟ್ಟರೆ ಮಾರುವವನಿಗೂ ನಷ್ಟವಿಲ್ಲ.

ಖರ್ಚಿನ ಮಾತು ನಿಜವಾದ ಮಾತು. ಒಂದು ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ತೊಳೆದು, ಗೀರು ಅಳಿಸಿ, ಅಲುಗಾಟ ನಿಲ್ಲಿಸಿ ಹೊಸದು ಮಾಡುವುದು ಸಣ್ಣ ನಿರ್ಮಾಪಕರ ವಾರಸುದಾರರಿಗೆ ಎಟಕುವ ಕೆಲಸವಲ್ಲ. ಆದರೆ ನಾನು ಕೇಳುತ್ತಿರುವ ಮೊದಲನೆಯದು, ಇದ್ದದ್ದನ್ನು ಇದ್ದಂತೆ ಹೇಳುವುದು, ಅದಕ್ಕೆ ದುಡ್ಡು ಬೇಕಿಲ್ಲ. ಎರಡನೆಯದು, ಮೂಲದ ಅಳತೆಯಲ್ಲೇ ವರ್ಗಾಯಿಸುವುದು, ಅದಕ್ಕೂ ಹೆಚ್ಚು ಖರ್ಚಿಲ್ಲ. ಕತ್ತರಿಸುವುದಕ್ಕಿಂತ ಕತ್ತರಿಸದಿರುವುದು ಅಗ್ಗ. ಮೂರನೆಯದಾದ ಪೂರ್ಣ ಪುನರುಜ್ಜೀವನಕ್ಕೆ ಸಾರ್ವಜನಿಕ ಹಣ ಬೇಕು, ಆ ದಾರಿ ಈಗ ಮುಚ್ಚಿಲ್ಲ. ರಾಷ್ಟ್ರೀಯ ಚಲನಚಿತ್ರ ಪರಂಪರೆ ಯೋಜನೆಯಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ಸುಮಾರು 2,200 ಚಿತ್ರಗಳ ಪುನರುಜ್ಜೀವನಕ್ಕೆ 363 ಕೋಟಿ ರೂಪಾಯಿ ಪ್ರಕಟಿಸಿತು.

ಕೈಕಟ್ಟಿ ಕೂತರೆ ಏನಾಗುತ್ತದೆ ಎಂಬುದಕ್ಕೂ ಹರಿಶ್ಚಂದ್ರನೇ ಸಾಕ್ಷಿ. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರದು, ನಾಲ್ಕು ರೀಲಿನದು. ಪುಣೆಯ ಭಂಡಾರದಲ್ಲಿ ಉಳಿದಿರುವುದು ಮೊದಲ ಮತ್ತು ಕೊನೆಯ ರೀಲು. ಅವೂ 1913ರವಲ್ಲ, ಫಾಲ್ಕೆ 1917ರಲ್ಲಿ ಮತ್ತೆ ತೆಗೆದ ಚಿತ್ರದವು ಎನ್ನುವ ಇತಿಹಾಸಕಾರರಿದ್ದಾರೆ. ಯಾವ ಪ್ರತಿ ಯಾವುದು ಎಂದು ಗುರುತು ಹಾಕಿಡದಿದ್ದರೆ ದೇಶದ ಮೊದಲ ಕಥಾಚಿತ್ರಕ್ಕೇ ಈ ಗತಿ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಗೆ ನೈಟ್ರೇಟ್ ಫಿಲ್ಮಿನ ಎಷ್ಟೋ ಹಳೆಯ ಚಿತ್ರಗಳು ಬೂದಿಯಾದವು. ಬಳ್ಳಾರಿ ರಾಘವರ ವಿಷಯವನ್ನೂ ಇಲ್ಲೇ ನೆನೆಯಬೇಕು. ಕೋಲಾಚಲಂ ಶ್ರೀನಿವಾಸರಾಯರ ನಾಟಕದಲ್ಲಿ ಅವರು ಮಾಡಿದ ಪಠಾಣ ರುಸ್ತುಮನ ಪಾತ್ರವನ್ನು ಕಂಡವರು ಈಗ ಇಲ್ಲ. ರಂಗದ ಮೇಲಿನ ಅಭಿನಯ ಅದನ್ನು ಕಂಡವರ ಜೊತೆಗೇ ಹೋಗುತ್ತದೆ. ರಾಘವರು 1936ರ ‘ದ್ರೌಪದಿ ಮಾನಸಂರಕ್ಷಣಂ’, 1939ರ ‘ರೈತು ಬಿಡ್ಡ’, 1940ರ ‘ಚಂಡಿಕಾ’ ತೆಲುಗು ಚಿತ್ರಗಳಲ್ಲಿ ಕಾಣಿಸಿಕೊಂಡರು. ಊರಿಗೆ ಊರೇ ಹೆಸರು ಹೇಳಿ ಹೆಮ್ಮೆಪಡುವ ನಟನ ನಡೆನುಡಿ ನೋಡಬೇಕೆಂದರೆ ನಮಗಿರುವ ಆಸರೆ ಇಂಥ ಹಳೆಯ ಫಿಲ್ಮು ಮಾತ್ರ.

ಸರಿಯಾದ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಈಗ ಕನ್ನಡದಲ್ಲೇ ಉದಾಹರಣೆ ಇದೆ. ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆಯಲ್ಲಿ ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ತೆರೆಕಂಡಿತು. ಯು.ಆರ್. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ಅದಕ್ಕೆ ಬಣ್ಣ ಹಾಕುವ ಯೋಚನೆ ಯಾರೂ ಮಾಡಲಿಲ್ಲ. ಕಪ್ಪು ಬಿಳುಪನ್ನು ಅದರ ಸರಿಯಾದ ಕಪ್ಪು, ಸರಿಯಾದ ಬಿಳುಪಿಗೆ ತಂದರು. ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನ ಚಿತ್ರಗಳು ಶುರುವಾಗುವ ಮುನ್ನ ಯಾವ ಸಾಮಗ್ರಿಯಿಂದ, ಯಾವ ಪ್ರಯೋಗಾಲಯದಲ್ಲಿ, ಯಾರ ನೆರವಿನಿಂದ ಕೆಲಸ ನಡೆಯಿತು ಎಂದು ಪರದೆಯ ಮೇಲೆ ಬರುತ್ತದೆ. ಅದನ್ನು ಓದಲು ಅರ್ಧ ನಿಮಿಷ ಸಾಕು. ಸಂಪಾದಕನ ಮುನ್ನುಡಿ ಅಂದರೆ ಅದೇ.

ಬಳ್ಳಾರಿಯಲ್ಲಿ ಇದನ್ನು ಆರಂಭಿಸಲು ಕಷ್ಟವಿಲ್ಲ. ನಗರದಲ್ಲಿ ರಾಘವ ಕಲಾಮಂದಿರವಿದೆ, ಜೋಳದರಾಶಿ ದೊಡ್ಡನಗೌಡ ರಂಗಮಂದಿರವಿದೆ, ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಹಕ್ಕುದಾರರ ಅನುಮತಿ ಪಡೆದು ಒಂದು ಸಂಜೆ ‘ಸತ್ಯ ಹರಿಶ್ಚಂದ್ರ’ದ ಸ್ಮಶಾನದ ದೃಶ್ಯವನ್ನು ಕಪ್ಪು ಬಿಳುಪಿನಲ್ಲಿ ಒಮ್ಮೆ, ಬಣ್ಣದಲ್ಲಿ ಒಮ್ಮೆ ತೋರಿಸಲಿ. ಘಂಟಸಾಲರ ಹಾಡನ್ನು ಸರಿಯಾದ ವೇಗದಲ್ಲಿ ಒಮ್ಮೆ, ಟೀವಿ ವೇಗದಲ್ಲಿ ಒಮ್ಮೆ ಕೇಳಿಸಲಿ. ಬಯಲಾಟದ ಹಾರ್ಮೋನಿಯಂ ಮಾಸ್ತರರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ. ಕರ್ನಾಟಕ ಚಲನಚಿತ್ರ ಅಕಾಡೆಮಿ ಕನ್ನಡದ ಪ್ರತಿಯೊಂದು ಹಳೆಯ ಚಿತ್ರಕ್ಕೂ ಎಲ್ಲಿ ಯಾವ ಪ್ರಿಂಟು ಇದೆ, ಎಷ್ಟು ನಿಮಿಷದ್ದು, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಹಕ್ಕು ಹೊಂದಿದವರು ಬಣ್ಣದ ಪ್ರತಿ ಬಿಡುವಾಗ ಮೂಲವನ್ನೂ ಅದರ ಜೊತೆಗೇ ಬಿಡಲಿ. ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಸಲ ಹಳೆಯ ಕನ್ನಡ ಚಿತ್ರ ಹಾಕಿದಾಗ ಟೀವಿಯ ರಿಮೋಟಿನಲ್ಲಿ ಚೌಕಟ್ಟಿನ ಅಳತೆಯನ್ನು ಮೂಲಕ್ಕೆ ತನ್ನಿ, ಎಡಬಲದ ಕಪ್ಪು ಪಟ್ಟಿಗೆ ಬೇಸರಿಸಬೇಡಿ. ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಹಳೆಯ ವೀಡಿಯೊ ಕ್ಯಾಸೆಟ್ಟು, ಮೊದಲ ಕಾಲದ ಡಿಸ್ಕು, ಟೂರಿಂಗ್ ಟಾಕೀಸು ನಡೆಸಿದ ಹಿರಿಯರು ಬಿಟ್ಟುಹೋದ ಫಿಲ್ಮ್ ಡಬ್ಬ ಇದ್ದರೆ ಗುಜರಿಗೆ ಹಾಕಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ ಬರೆದು ತಿಳಿಸಿ.